ಮಾರಕ್ಕನ ಒಂದೇ ಡೈಲಾಗು

"ಫಸ್ಟ್ ಹಾಫ್ ನಿದ್ದೆ, ಸೆಕೆಂಡ್ ಹಾಫ್ ತಲೆನೋವು, ಇಂಟರ್ವಲ್ ಒಂದೇ ಸೂಪರ್ ಹಿಟ್ಟು!" ಚಾಮರಾಜಪೇಟೆ ಐದನೇ ಮೇನಲ್ಲಿ, ಮುರುಗೇಶನ ಇಸ್ತ್ರಿ ಗಾಡಿ ಪಕ್ಕ ಸ್ಕೂಟರ್ ಮೇಲೆ ಕೂತ್ಕೊಂಡೇ ಸತೀಶ ತೀರ್ಪು ಕೊಟ್ಬಿಟ್ಟ. ಶುಕ್ರವಾರ ಮಾರ್ನಿಂಗ್ ಶೋ ನೋಡೋದು, ಸಾಯಂಕಾಲ ಇಲ್ಲಿ ಬಂದು ಅದರ ಮಾನ ಕಳೆಯೋದು ಅವನ ವಾರದ ವ್ರತ. "ನನ್ ನಾಲಿಗೇಗೆ ಬ್ರೇಕ್ ಇಲ್ಲ ಮುರುಗೇಶಣ್ಣ, ಬರೀ ಹಾರ್ನು!"

"ಒಂದ್ ಸೀನ್ ಮಾತ್ರ ಮಿಸ್ ಮಾಡ್ಕೋಬೇಡಿ," ಅಂತ ಕೆಳಗಿಳಿದ. "ಹೀರೋ ತಮ್ಮ ಸತ್ತೋಗಿರ್ತಾನೆ. ಹೆತ್ತಮ್ಮಾನೇ ಪಾಪ ಮೂಲೇಲಿ ಸುಮ್ನೆ ಕೂತಿದಾಳೆ. ಹಿಂದೆ ಗುಂಪಲ್ಲಿ ಗಿಣಿಹಸಿರು ಸೀರೆಯೋಳೊಬ್ಳು, ಎದೆ ಬಡ್ಕೊಳೋದೇನು, ಕೂದ್ಲು ಕಿತ್ಕೊಳೋದೇನು! ಹೆಣಾನೇ ಎದ್ಕೂತು, 'ತಾಯೀ, ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡು, ನಿದ್ದೆ ಬರ್ತಿಲ್ಲ' ಅನ್ಬೇಕು, ಹಂಗೆ! ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ತು." ಫುಟ್‌ಪಾತ್ ಮೇಲೇ ಎದೆ ಬಡ್ಕೊಂಡು ತೋರ್ಸಿದ.

ಮುರುಗೇಶ ನಗ್ಲಿಲ್ಲ. ಇಸ್ತ್ರಿ ಪೆಟ್ಟಿಗೆ ಕೈಯಲ್ಲೇ ಹಿಡ್ಕೊಂಡು ಸತೀಶನ ಬೆನ್ನ ಹಿಂದೆ ನೋಡ್ತಿದ್ದ. ಸತೀಶ ತಿರುಗಿದ. ಹಿಂದಿನ ಬೀದಿ ಮಾರಕ್ಕ. ಮಡಚಿದ ಸೀರೆ ಒಂದನ್ನ ಗಾಡಿ ಮೇಲೆ ಇಟ್ಳು. ಗಿಣಿಹಸಿರು.

"ನಾಳೆ ಬೆಳಿಗ್ಗೆ ಆರಕ್ಕೇ ಬೇಕು ಮುರುಗೇಶ. ಶೂಟಿಂಗಿದೆ."

ಮಾರಕ್ಕ ಸಿನಿಮಾಗಳಲ್ಲಿ ಗುಂಪಲ್ಲಿ ನಿಲ್ಲೋಕೆ ಹೋಗ್ತಾಳೆ ಅಂತ ಬೀದಿಗೆಲ್ಲ ಗೊತ್ತು. ಸತೀಶಂಗೂ ಗೊತ್ತು. ತೆರೆ ಮೇಲೆ ಗುಂಪಿನ ಮುಖ ಯಾರು ನೋಡ್ತಾರೆ? "ಅಕ್ಕಾ, ಈ ಪಾಪಿ ನಾಲಿಗೆನ ಇದೇ ಇಸ್ತ್ರಿ ಪೆಟ್ಟಿಗೇಲಿ ಸುಟ್ಟಾಕಿ," ಅಂತ ಮಂಡಿಯೂರಿದ, ಮೆಲ್ಲಗೆ ಸ್ಕೂಟರ್ ಕಡೆ ಕೈ ಚಾಚಿದ. ಮಾರಕ್ಕ ಅವನಿಗಿಂತ ಮೊದಲೇ ಕೀ ಕಿತ್ಕೊಂಡ್ಳು.

"ನಾಟಕ ಆಮೇಲೆ. ಎಲ್ ನಗು ಬಂತು? ಎದೆ ಬಡ್ಕೊಂಡಾಗ್ಲೋ, ಕೂದ್ಲಿಗ್ ಕೈ ಹಾಕ್ದಾಗ್ಲೋ?"

"ಅಕ್ಕಾ, ಬಿಟ್ಬಿಡಿ..."

"ಒಂಬತ್ತು ವರ್ಷ ಆಯ್ತು. ಮದುವೇಲಿ ನಿಂತಿದೀನಿ, ಸಂತೇಲಿ ನಿಂತಿದೀನಿ, ಹೆಣದ ಮುಂದೆ ಎಷ್ಟ್ ಸಲ ನಿಂತಿದೀನೋ. ಬಾಯ್ ಬಿಟ್ಟು ಮಾತಾಡು ಅಂತ ಒಬ್ರೂ ಅಂದಿಲ್ಲ. ನಾಳೆ ಒಂದ್ ಡೈಲಾಗ್ ಕೊಟ್ಟಿದಾರೆ. ಸರಿಯಾಗಿ ಬರ್ಲಿಲ್ಲ ಅಂದ್ರೆ ಪಕ್ಕದಲ್ಲಿರೋಳಿಗೆ ಕೊಡ್ತೀವಿ ಅಂತ್ಲೂ ಹೇಳಿದಾರೆ. ಮನೇಲಿ ಮಾಡ್ ತೋರಿಸ್ದೆ, ಸೂಪರ್ ಅಂದ್ರು. ವಠಾರದಲ್ಲಿ ತೋರಿಸ್ದೆ, ಸೂಪರ್ ಅಂದ್ರು. ನಿಜ ಹೇಳೋನು ನೀನೊಬ್ನೇ ಕಣೋ ಇರೋದು. ಕೂತ್ಕೋ."

ಸತೀಶ ಕಲ್ಲು ಬೆಂಚಿನ ಮೇಲೆ ಕೂತ. ಮಗ ಕಾಣೆಯಾಗಿದಾನೆ, ಸ್ಟೇಷನ್ನಲ್ಲಿ ಇನ್‌ಸ್ಪೆಕ್ಟರ್ ಮುಂದೆ ಹೇಳ್ಬೇಕು, ಇಷ್ಟೇ ಸೀನು. ಮಾರಕ್ಕ ಸೆರಗು ಬಾಯಿಗಿಟ್ಕೊಂಡು, ಎರಡೂ ಕೈ ಆಕಾಶಕ್ಕೆತ್ತಿ ಶುರು ಮಾಡಿದ್ಳು. "ಊಟಕ್ಕೆ ಕೂತಿದ್ದೋನು ಎದ್ದು ಹೋದ ಸಾರ್! ಇನ್ನೂ ಬಂದಿಲ್ಲಾ!" ಎದುರು ಮನೆ ನಾಯಿ ಬೊಗಳ್ತು. ಸತೀಶ ಕೆಮ್ಮೋ ಥರ ಮಾಡ್ದ.

"ನಕ್ಕೆ."

"ಇಲ್ಲಕ್ಕ, ಧೂಳು."

"ನಕ್ಕೆ. ಇನ್ನೊಂದ್ಸಲ."

ಎರಡನೇ ಸಲಕ್ಕೆ, "ಅಕ್ಕಾ, ಅವನು ಬರೀ ಕಾಣೆಯಾಗಿರೋದು, ನೀವು ಆಗ್ಲೇ ತಿಥಿ ಮಾಡ್ತಿದೀರ" ಅಂದ. ಮೂರನೇದು ಒಣಗಿಹೋಯ್ತು. "ಈಗ ಆಧಾರ್ ಕಾರ್ಡ್ ಕಳ್ದೋದಂಗಿದೆ." ಐದನೇದಕ್ಕೆ ಮುರುಗೇಶಾನೇ ನಕ್ಬಿಟ್ಟು, ಒಬ್ಬರ ಪ್ಯಾಂಟಿಗೆ ಎರಡು ಗೆರೆ ಬೀಳಿಸಿದ. ಎಂಟನೇದಕ್ಕೆ ಸತೀಶ ಹಸಿವು ಅಂದ. ಮಾರಕ್ಕ ಮಡಿಲಿಂದ ಒಂದು ಬಾಳೆಹಣ್ಣು ತೆಗೆದು ಅವನ ಕೈಗಿಟ್ಟು, "ತಿನ್ಕೊಂಡ್ ಕೇಳು" ಅಂದ್ಳು.

"ಅಷ್ಟೊಂದ್ ಕಿರ್ಚೋದ್ಯಾಕಕ್ಕ?" ಅಂದ ಸತೀಶ ಕೊನೆಗೆ. ಗಂಟಲಲ್ಲಿ ತಮಾಷೆ ಖಾಲಿಯಾಗಿತ್ತು.

"ಇನ್ನೇನ್ ಮಾಡ್ಲಿ? ಗುಂಪಲ್ಲಿ ನಿಂತೋಳು ಬಾಯ್ ಬಡ್ಕೊಳ್ದೆ ಇದ್ರೆ ಕ್ಯಾಮೆರಾ ನಮ್ ಕಡೆ ತಿರುಗುತ್ತೇನೋ? ಒಂಬತ್ತು ವರ್ಷದಿಂದ ಅದನ್ನೇ ಕಲ್ತಿದೀನಿ."

ಸತೀಶ ಬಾಳೆಹಣ್ಣಿನ ಸಿಪ್ಪೆ ನೋಡ್ತಾ ಕೂತ. "ನಾಳೆ ಗುಂಪಿಲ್ವಲ್ಲಕ್ಕ," ಅಂದ. "ನಾಳೆ ಕ್ಯಾಮೆರಾ ನಿಮ್ ಕಡೇನೇ ತಿರುಗಿರುತ್ತೆ."

ಒಂದು ಆಟೋ ಹೋಯ್ತು. ಸೊಪ್ಪಿನ ಗಾಡಿಯೋನು ಕೂಗ್ಕೊಂಡು ತಿರುವಲ್ಲಿ ಮಾಯ ಆದ. ಮಾರಕ್ಕ ಬಂದು ಬೆಂಚಿನ ಇನ್ನೊಂದು ತುದೀಲಿ ಕೂತ್ಳು, ಸತೀಶನ ಮುಖ ನೋಡ್ಲಿಲ್ಲ. ಮಂಡಿ ಮೇಲೆ ಸೀರೆ ನೆರಿಗೆ ಸರಿ ಮಾಡ್ಕೊಂಡ್ಳು, ಕೆಡಿಸಿದ್ಳು, ಮತ್ತೆ ಸರಿ ಮಾಡಿದ್ಳು.

"ಊಟಕ್ಕೆ ಕೂತಿದ್ದೋನು," ಅಂದ್ಳು. ಬೆರಳು ನೆರಿಗೆ ಮೇಲೇ ನಿಂತ್ಬಿಡ್ತು. "ಎದ್ದು ಹೋದ ಸಾರ್. ಇನ್ನೂ ಬಂದಿಲ್ಲ."

ಮುರುಗೇಶ ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ.

"ಯಾವ್ ಕಡೆ ಹೋದ ಅಕ್ಕಾ?" ಅಂತ ಸತೀಶ ಎದ್ದೇ ನಿಂತ್ಬಿಟ್ಟ.

ಮಾರಕ್ಕ ನಿಧಾನಕ್ಕೆ ಅವನ ಕಡೆ ತಿರುಗಿದ್ಳು.

"ಕೂತ್ಕೊಳೋ. ಅದು ಇನ್‌ಸ್ಪೆಕ್ಟರ್ ಡೈಲಾಗು."