ಕಲ್ಲಿನ ಮೇಲೆ ಈರನ ಹೆಸರು

ಬಾಡ ಊರಿನ ಈರ ಹರಿಕಾಂತ್ರನ ಮಗಳು ಬಂದಿದ್ದಾಳೆ ಎಂದು ಸೊಸೆ ಹೇಳಿದ್ದೇ ತಡ, ದುರ್ಗಪ್ಪ ನಾಯ್ಕರು ಅರ್ಧ ಊಟ ಬಿಟ್ಟು ಎಂಜಲು ಕೈಯಲ್ಲೇ ಜಗಲಿಗೆ ಬಂದರು. ಸುಬ್ಬಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು.

"ಮೂಗು ಅವನದೇ. ನಿನ್ನ ಅವ್ವ, ಗಣಪಿ, ಹೇಗಿದ್ದಾಳೆ?"

"ಹೋದ ಮಳೆಗಾಲದಲ್ಲಿ ತೀರಿಕೊಂಡಳು."

"ಹಾಗಾದರೆ ಇನ್ನು ಹೇಳಬಹುದು," ಎಂದು ಕೈ ತೊಳೆಯಲು ಒಳಗೆ ಹೋದರು.

ಸುಬ್ಬಿ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು. ಹರೆಯದಿಂದಲೂ ಕುಮಟೆಯ ಮೀನುಪೇಟೆಯಲ್ಲಿ ಕೂಗಿ ಮಾರಿದವಳು. ಕೇಳಬೇಕಾದ್ದನ್ನು ಕೇಳದೆ ಏಳುವವಳಲ್ಲ. ಬಾಡದ ಶಾಲೆಯ ಎದುರು, ಊರಿನಿಂದ ಸೈನ್ಯಕ್ಕೆ ಹೋದವರ ಹೆಸರು ಕೆತ್ತಿ ಕಲ್ಲು ನಿಲ್ಲಿಸುತ್ತಿದ್ದರು. ಅದರಲ್ಲಿ ಅಪ್ಪನ ಹೆಸರಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕು, ವರ್ಷ ಕಳೆದ ಮೇಲೆ ಕುಂಟುತ್ತ ಮನೆಗೆ ಬಂದವನು ಈರ. ಕೈ ಎತ್ತಿ ಶರಣಾದ, ತನ್ನ ಕಾಲಿಗೆ ತಾನೇ ಗುಂಡು ಹೊಡೆದುಕೊಂಡ ಎಂದು ಊರು ಆಡಿಕೊಂಡಿತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸಾಯುವ ತನಕ ಬಲೆ ಹೆಣೆಯುತ್ತ ಕೂತ. "ಕಣ್ಣಾರೆ ಕಂಡವರು ಯಾರಾದರೂ ಬಂದು ಹೇಳಲಿ, ನಾನೇ ಕೆತ್ತಿಸ್ತೇನೆ ಸುಬ್ಬಕ್ಕ," ಎಂದಿದ್ದ ಕಲ್ಲಿನ ಉಸ್ತುವಾರಿ ಹೊತ್ತ ಮೋಹನ. ಸುಬ್ಬಿಯ ಮಗಳು ದೀಪಿಕಾ ಕಾರವಾರದ ಸೈನಿಕರ ಕಚೇರಿಗೆ ನಾಲ್ಕು ಸಲ ಅಲೆದು, ಅಜ್ಜನ ಜೊತೆಯಲ್ಲೇ ಸೆರೆ ಸಿಕ್ಕಿದ್ದ ಈ ನಾಯ್ಕರು ಹೊನ್ನಾವರದಲ್ಲಿ ಇನ್ನೂ ಇದ್ದಾರೆಂದು ಪತ್ತೆ ಹಚ್ಚಿದ್ದಳು. ಈಗ ಅವಳೂ ಅಮ್ಮನ ಪಕ್ಕ ಕೂತಿದ್ದಳು.

ನಾಯ್ಕರು ಬಂದು ಎದುರು ಕುರ್ಚಿಯಲ್ಲಿ ಕೂತರು. "ಶರಣಾದ್ದು ಸುಳ್ಳು ಮಗಾ. ಹಿಂದೆ ಸರಿಯಿರಿ ಅಂತ ಆಜ್ಞೆ ಬಂತು. ಉಳಿದವರು ಸರಿಯುವ ತನಕ ಒಬ್ಬ ಕೂತು ಗುಂಡು ಹಾರಿಸಬೇಕಲ್ಲ? ಈರ ಕೂತ. ನನಗೆ ಜ್ವರ, ಓಡಲು ಕಾಲೇ ಏಳಲಿಲ್ಲ. ಅವನ ಪಕ್ಕದಲ್ಲೇ ಬಿದ್ದುಕೊಂಡೆ. ಅವನ ಪಾದಕ್ಕೆ ವೈರಿಯ ಗುಂಡು ಬಿದ್ದದ್ದು ಅಲ್ಲೇ, ನನ್ನ ಕಣ್ಣೆದುರೇ. ನಮ್ಮ ಗುಂಡು ಖಾಲಿಯಾತು. ಇಬ್ಬರನ್ನೂ ಎತ್ತಿಕೊಂಡು ಹೋದರು."

ಸುಬ್ಬಿ ಉಸಿರು ಬಿಟ್ಟಳು. ಅವಳಿಗೆ ಇಷ್ಟು ಸಾಕಿತ್ತು. ನಾಯ್ಕರು ಮುಗಿಸಿರಲಿಲ್ಲ.

"ಕೆಲವು ತಿಂಗಳಾದ ಮೇಲೆ, ತೀರಾ ಹುಷಾರಿಲ್ಲದವರನ್ನು ಮೊದಲೇ ಬಿಡ್ತೇವೆ ಅಂತಾತು. ಪರದೇಶದ ಡಾಕ್ಟರೊಬ್ಬ ಬಂದ. ಗಾಡಿಯಲ್ಲಿ ಇನ್ನೊಬ್ಬನಿಗೆ ಮಾತ್ರ ಜಾಗ. ಈರನ ಕಾಲು ನೋಡಿ, ಇವನೇ ಹೋಗಲಿ ಅಂದ. ನನಗೆ ಕ್ಷಯ ಹಿಡಿದಿತ್ತು. ಅವರೆಲ್ಲ ಬರೀ ಕೆಮ್ಮು ಅಂದುಕೊಂಡಿದ್ದರು. ಈರನಿಗೆ ಗೊತ್ತಿತ್ತು. ಎದ್ದ. ಆ ಕಾಲನ್ನೇ ಊರಿ ಬಾಗಿಲ ತನಕ ನಡೆದ, ತಿರುಗಿ ಬಂದ, ನಗ್ತಾ. 'ನಂಗೆಂತ ಆಗಿಲ್ಲ, ಇವನನ್ನು ಕರಕೊಂಡು ಹೋಗಿ' ಅಂದ. ಕೂಡುತ್ತಿದ್ದ ಮೂಳೆ ಆ ನಡಿಗೆಗೆ ಮತ್ತೆ ಮುರಿಯಿತು. ಜನ್ಮಪೂರ್ತಿ ಕುಂಟಿದ್ದು ಅದಕ್ಕೆ."

"ಮತ್ತೆ ಅಜ್ಜ ಯಾಕೆ ಯಾರಿಗೂ ಹೇಳಲಿಲ್ಲ?" ದೀಪಿಕಾ ಕೇಳಿದಳು.

ನಾಯ್ಕರು ಸುಬ್ಬಿಯ ಕಡೆ ತಿರುಗಿದರು. "ನಿನಗೊಬ್ಬ ತಮ್ಮ ಇದ್ದ, ನೆನಪುಂಟೆ?"

ಮಸುಕಾಗಿ ನೆನಪಿತ್ತು. ಯುದ್ಧಕ್ಕೆ ಸ್ವಲ್ಪ ಮುಂಚೆ ಹುಟ್ಟಿ, ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ಹೋದ ಕೂಸು. ಅಪ್ಪ ಅದರ ಮುಖವನ್ನೇ ನೋಡಲಿಲ್ಲ.

"ಆ ಗಾಡಿಯಲ್ಲಿ ಅವ ಬಂದಿದ್ದರೆ ಮಗನನ್ನು ಎತ್ತಿಕೊಳ್ತಿದ್ದ. ಆಸ್ಪತ್ರೆಗೂ ಒಯ್ತಿದ್ದ. ನಾನು ಪುಣೆಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಬಿದ್ದು, ಎದ್ದವನೇ ಬಾಡಕ್ಕೆ ಬಂದೆ. ಕಡಲ ದಂಡೆಯಲ್ಲೇ ನನ್ನನ್ನು ನಿಲ್ಲಿಸಿ ಆಣೆ ಹಾಕಿಸಿಕೊಂಡ. 'ಊರು ಏನು ಬೇಕಾದರೂ ಅನ್ನಲಿ. ಒಂದು ಹೇಳಿದರೆ ಇನ್ನೊಂದೂ ಹೊರಬೀಳ್ತದೆ. ಬರುವ ದಾರಿ ಇದ್ದೂ ಬರಲಿಲ್ಲ ಅಂತ ಗಣಪಿಗೆ ಗೊತ್ತಾಗಬಾರದು. ಅವಳಿರುವ ತನಕ ಬಾಯಿ ಬಿಡಬೇಡ' ಅಂದ."

ಸುಬ್ಬಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮತ್ತೆ ಮೂಗು ಏರಿಸಿ, ಅಳುವಿನ ನಡುವೆಯೇ ನಕ್ಕಳು.

"ಅಪ್ಪನಿಗೆ ಅವ್ವ ಎಂಥವಳು ಅಂತಲೇ ಗೊತ್ತಿರಲಿಲ್ಲ ನೋಡಿ ನಾಯ್ಕರೇ. ಹೇಳಿದ್ದರೆ ಎರಡು ದಿನ ಅಪ್ಪನನ್ನು ಬೈತಿದ್ದಳು. ಮೂರನೇ ದಿನ ಊರನ್ನು ಬೈಯಲು ಹೊರಡ್ತಿದ್ದಳು. ಏಳಿ, ಅಂಗಿ ಹಾಕ್ಕೊಳ್ಳಿ. ಬಾಡಕ್ಕೆ ಹೋಗುವ."

"ಈಗಲೇ?"

"ಮತ್ತೆ? ಕಲ್ಲು ಕೆತ್ತುವವ ಇವತ್ತೇ ಕೆಲಸ ಮುಗಿಸ್ತಾನಂತೆ."

ಇಳಿಹೊತ್ತಿಗೆ ಶಾಲೆಯ ಎದುರು ಜನ ಕೂಡಿದ್ದರು. ನಾಯ್ಕರು ಕುರ್ಚಿ ಬೇಡವೆಂದು, ಕೋಲೂರಿ ನಿಂತೇ ಎಲ್ಲವನ್ನೂ ಹೇಳಿದರು. ಈರನನ್ನು ಹಂಗಿಸಿ ನಕ್ಕಿದ್ದ ಮುದುಕರಿಬ್ಬರು ನೆಲ ನೋಡುತ್ತ ನಿಂತರು.

ಮೋಹನ ಕಲ್ಲಿನ ಮೇಲೆ ಕೈಯಾಡಿಸಿ ಹುಡುಕಿದ. ಮೇಲಿಂದ ಕೆಳಗಿನ ತನಕ ಹೆಸರುಗಳು ತುಂಬಿದ್ದವು. "ಸುಬ್ಬಕ್ಕ, ಜಾಗ ಉಳಿದದ್ದು ತಳದಲ್ಲಿ ಮಾತ್ರ. ಎಲ್ಲರಿಗಿಂತ ಕಡೆಗೆ ಹಾಕಬೇಕಾಗ್ತದೆ. ನಿಮಗೆ ಬೇಜಾರಾದರೆ ಬೇರೆ ಕಲ್ಲೇ ತರಿಸ್ತೇನೆ."

"ಬೇರೆ ಎಂತಕ್ಕೆ? ಅಲ್ಲೇ ಹಾಕಿಸು," ಎಂದಳು ಸುಬ್ಬಿ, ಮೀನುಪೇಟೆಯಲ್ಲಿ ಕೂಗುವಷ್ಟೇ ಜೋರಾಗಿ. "ಉಳಿದವರನ್ನೆಲ್ಲ ಮುಂದೆ ಕಳಿಸಿ ಕಡೆಗೆ ಬಂದವ ಅವ."