ರೂಡೀಬೆನ್ನಳ ಸಣ್ಣ ಜೀರಿಗೆ

ಊಂಝಾ ಜೀರಿಗೆ ಮಾರುಕಟ್ಟೆಯ ಹರಾಜಿನ ಗುಂಪು ರೂಡೀಬೆನ್ನಳ ರಾಶಿಯ ಮುಂದೆ ನಿಂತಿತು. ದೊಡ್ಡ ವ್ಯಾಪಾರಿಯೊಬ್ಬ ಚಿಟಿಕೆ ಕಾಳನ್ನು ಅಂಗೈಯಲ್ಲಿ ಹರಡಿ ನಕ್ಕ. "ಇದೇನು ಬೆನ್, ಜೀರಿಗೇನೋ ಹುಲ್ಲಿನ ಬೀಜಾನೋ? ಪ್ಯಾಕೆಟ್ಟಿಗೆ ತುಂಬಿದ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ." ಎಲ್ಲರೂ ನಗುತ್ತಾ ಪಕ್ಕದ ರಾಶಿಗೆ ಸರಿದರು. ಅದು ಅವಳು ಒಬ್ಬಳೇ ನಿಂತು ಬೆಳೆದ ಮೊದಲ ಬೆಳೆ. ತುಟಿ ಕಚ್ಚಿಕೊಂಡು, ರಾಶಿಯನ್ನು ಮೊರದಲ್ಲಿ ಬಾಚಿ ಚೀಲಕ್ಕೆ ತುಂಬತೊಡಗಿದಳು.

ಗುಂಪಿನಿಂದ ಹಿಂದೆ ಉಳಿದಿದ್ದ ಮುದುಕ ಅಂಬಾರಾಮ್ ಕಾಕಾ ಮೊರಕ್ಕೇ ಕೈ ಹಾಕಿದ. ಕಾಳನ್ನು ಎರಡೂ ಅಂಗೈ ನಡುವೆ ಉಜ್ಜಿ, ಕಣ್ಣು ಮುಚ್ಚಿ ಮೂಸಿದ. ಮತ್ತೊಮ್ಮೆ ಮೂಸಿದ.

"ಯಾವಾಗ ಕಿತ್ತೆ?"

"ಪೂರ್ತಿ ಬಲಿಯೋಕೆ ಹತ್ತು ದಿನ ಮುಂಚೇನೇ. ಮೋಡ ನೋಡಿ, ಎಲ್ಲಿ ರೋಗ ಬೀಳುತ್ತೋ ಅಂತ ಹೆದರಿಬಿಟ್ಟೆ, ಕಾಕಾ."

"ಒಳ್ಳೇ ಹೆದರಿಕೆ ಕಣಮ್ಮ! ಘಮ ಪೂರ್ತಿ ಒಳಗೇ ಉಳಿದಿದೆ. ನಾನು ಜೀರಿಗೆ ಎಣ್ಣೆ ಇಳಿಸೋನು, ಸಾಬೂನಿನವರಿಗೆ, ಔಷಧಿಯವರಿಗೆ ಕೊಡೋನು. ಅವರು ಕಾಳಿನ ದಪ್ಪ ಕೇಳಲ್ಲ, ಘಮ ಕೇಳ್ತಾರೆ. ಮುಂದಿನ ವರ್ಷಾನೂ ಹೀಗೇ ಮುಂಚೆ ಕೀಳ್ತೀಯಾ?"

ರೂಡೀಬೆನ್ ತುಂಬಿದ್ದ ಚೀಲವನ್ನು ಎತ್ತಿ ಮತ್ತೆ ರಾಶಿಯ ಮೇಲೆ ಸುರಿದಳು.

"ಮುಂದಿನ ವರ್ಷದ್ದು ಆಮೇಲೆ, ಕಾಕಾ. ಮೊದಲು ಈ ವರ್ಷದ ಬೆಲೆ ಕೂಗಿ. ಅಲ್ಲಿ ನಗ್ತಿದ್ದಾರಲ್ಲ, ಅವರಿಗೂ ಕೇಳೋ ಹಾಗೆ ಕೂಗಿ."