ಮೊಣಕೈಯ ಕೆಸರು

ಹೊನ್ನೆಮರಡು ಹಿನ್ನೀರಿನ ದಂಡೆಯಲ್ಲಿ ಶ್ರೀರಂಗ ಕ್ಯಾಮೆರಾ ಹಿಡಿದು, ಮೊಣಕೈ ಊರಿ, ಹೊಟ್ಟೆಯ ಮೇಲೆ ತೆವಳುತ್ತಿದ್ದ. ಲಕ್ಕಿ ಪೊದೆಯ ಆಚೆಯಿಂದ ಗೊರವ ಹಕ್ಕಿಯ ಸೀಟಿ ಕೇಳುತ್ತಿತ್ತು. ಇವನು ಹತ್ತಿರವಾದಷ್ಟೂ ಅದು ದೂರ ಸರಿಯುತ್ತಿತ್ತು. ಗುಬ್ಬಿಯಷ್ಟೇ ಇರುವ ಆ ಹಕ್ಕಿಯ ಒಂದು ಒಳ್ಳೆಯ ಫೋಟೊಗಾಗಿ ಮೂರು ಬೇಸಿಗೆ ಕಾದಿದ್ದ.

ಪೊದೆಯ ಹಿಂದಿನಿಂದ ಎದ್ದದ್ದು, ಹಕ್ಕಿ ನೋಡಲು ಜೊತೆಗೆ ಬಂದಿದ್ದ ಬಳಗದ ಹುಡುಗ ಮಯೂರ. ತುಟಿ ಇನ್ನೂ ಸೀಟಿಯ ಆಕಾರದಲ್ಲೇ ಇತ್ತು. "ಶ್ರೀರಂಗಣ್ಣ, ಇನ್ನೊಂಚೂರು ತೆವಳಿದ್ರೆ ನಾನು ಮೊಟ್ಟೆನೇ ಇಟ್ಬಿಡ್ತಿದ್ದೆ ಮಾರಾಯ್ರೆ!"

ಬಳಗವೆಲ್ಲ ಬಿದ್ದು ಬಿದ್ದು ನಕ್ಕಿತು. "ಗೂಡಿನ ಹತ್ರ ಹೋಗಲ್ಲ ಅಂತ ಬೆಳಿಗ್ಗೆ ನಮ್ಮ ಹತ್ರ ಆಣೆ ಹಾಕಿಸಿದ ಗುರುಗಳು ನೋಡ್ರೋ!" ಎಂದಳು ವಿಡಿಯೊ ಮಾಡುತ್ತಿದ್ದ ತೃಪ್ತಿ. ಅಷ್ಟರಲ್ಲಿ ನಿಜವಾದ ಗೊರವವೊಂದು ಬಂದು, ರೆಕ್ಕೆ ಮುರಿದಂತೆ ಎಳೆಯುತ್ತ ಅವರೆದುರೇ ಹೊರಳಾಡಿತು. "ಅಯ್ಯೋ, ಇದು ನಂಗಿಂತ ಚಂದ ನಾಟಕ ಮಾಡ್ತದಲ್ಲಾ!" ಎಂದ ಮಯೂರ.

ಮೊಟ್ಟೆ ಇಟ್ಟ ಹಕ್ಕಿ ಮಾತ್ರ, ಗೂಡಿನಿಂದ ಗಮನ ಬೇರೆಡೆ ಸೆಳೆಯಲು, ಹಾಗೆ ಹೊರಳುತ್ತದೆ ಎಂಬುದು ಅಲ್ಲಿ ಗೊತ್ತಿದ್ದದ್ದು ಶ್ರೀರಂಗನೊಬ್ಬನಿಗೇ. ಮಲಗಿದ್ದಲ್ಲೇ ತಲೆ ತಗ್ಗಿಸಿ ನೋಡಿದ. ಬಲ ಮೊಣಕೈಯ ಕೆಳಗೆ, ಕಲ್ಲುಗಳ ನಡುವೆ, ಕಲ್ಲಿನಂಥದೇ ಚುಕ್ಕೆಯ ಚಿಪ್ಪಿನ ಚೂರುಗಳು. ತೋಳಿಗೆ ಹಳದಿ ಲೋಳೆ. ಮೊಣಕೈಯನ್ನು ಮೆಲ್ಲಗೆ ಕೆಸರಿಗೆ ಒತ್ತಿ, ಅವನು ಎಲ್ಲರಿಗಿಂತ ಜೋರಾಗಿ ನಕ್ಕ.